ಹಂತಕನಿಲ್ಲದ ಕೊಲೆ

ಪುಣೆಯ ಶನಿವಾರವಾಡೆಯ ಬಗ್ಗೆ ಟೀವಿಯಲ್ಲಿ ಬರುವ ಭೂತದ ಕಾರ್ಯಕ್ರಮಗಳು ಯಾವ ಭಾಷೆಯಲ್ಲಿದ್ದರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಮೊದಲು ದಿಲ್ಲಿ ದರವಾಜೆ ಕಾಣುತ್ತದೆ, ಆನೆ ಹಾಯದಂತೆ ಅದರ ಕದಕ್ಕೆ ಹೊಡೆದ ಕಬ್ಬಿಣದ ಮುಳ್ಳುಗಳು ಕಾಣುತ್ತವೆ. ಆಮೇಲೆ ಹಸಿರು ಬಣ್ಣದ ರಾತ್ರಿ ಕ್ಯಾಮೆರಾ, ನಾಯಿ ಊಳಿಡುವ ಸದ್ದು, ಪಿಸುದನಿಯ ನಿರೂಪಕ. ಕೊನೆಗೆ, ಜಾಹೀರಾತಿನ ಬಿಡುವಿಗೆ ಸರಿಯಾಗಿ, ಒಬ್ಬ ಹುಡುಗನ ಕೂಗು: 'ಕಾಕಾ, ಮಲಾ ವಾಚವಾ!' ಚಿಕ್ಕಪ್ಪಾ, ನನ್ನನ್ನು ಕಾಪಾಡು. ಈ ಕೂಗು ಅಮಾವಾಸ್ಯೆಯ ರಾತ್ರಿ ಕೇಳುತ್ತದೆ ಎನ್ನುವವರಿದ್ದಾರೆ, ಹುಣ್ಣಿಮೆಯ ರಾತ್ರಿ ಎನ್ನುವವರೂ ಇದ್ದಾರೆ. ಪೇಶ್ವೆ ನಾರಾಯಣರಾವ್ ಕೊಲೆಯಾದದ್ದು 1773ರ ಆಗಸ್ಟ್ 30ರಂದು, ಭಾದ್ರಪದ ಶುದ್ಧ ತ್ರಯೋದಶಿಯ ದಿನ, ಮಟಮಟ ಮಧ್ಯಾಹ್ನ. ಅಂದು ಅಮಾವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ, ರಾತ್ರಿಯಂತೂ ಅಲ್ಲವೇ ಅಲ್ಲ. ಅವನು ಓಡಿದ ಕೋಣೆಗಳೂ ಈಗಿಲ್ಲ. 1828ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿಯಲ್ಲಿ ಒಳಗಿನ ಮರದ ಕಟ್ಟಡವೆಲ್ಲ ಸುಟ್ಟುಹೋಗಿ ಕೋಟೆಗೋಡೆ, ಬಾಗಿಲುಗಳು, ಅಡಿಪಾಯದ ಕಲ್ಲು ಮಾತ್ರ ಉಳಿದವು. ಅಂದರೆ ಟೀವಿ ನಮಗೆ ತೋರಿಸುತ್ತಿರುವುದು ಮನೆಯೇ ಇಲ್ಲದ ಭೂತದ ಮನೆ.

ಇಂಥ ತಪ್ಪುಗಳನ್ನು ಪಟ್ಟಿ ಮಾಡಿ, ಇದೆಲ್ಲ ಮೂಢನಂಬಿಕೆ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಕಾರ್ಯಕ್ರಮಗಳ ನಿಜವಾದ ಅಪರಾಧ ಬೇರೆ ಕಡೆ ಇದೆ. ಅವು ಭೂತವನ್ನು ತೋರಿಸಿ ಕೊಲೆಯನ್ನು ಮರೆಸುತ್ತವೆ. ಕೊಲೆಗೆ ಕೊಂದವನು ಬೇಕು, ಕಾರಣ ಬೇಕು, ವಿಚಾರಣೆ ಬೇಕು. ಟೀವಿಯ ಭೂತಕ್ಕೆ ಕತ್ತಲೆಯೊಂದಿದ್ದರೆ ಸಾಕು. ಸತ್ತವನು ಇನ್ನೂರೈವತ್ತು ವರ್ಷಗಳಿಂದ ಕೂಗುತ್ತಲೇ ಇದ್ದಾನೆ, ಕೊಂದವರು ಮಾತ್ರ ಮೆಲ್ಲಗೆ ತೆರೆಯಿಂದ ಆಚೆ ಸರಿದುಬಿಟ್ಟಿದ್ದಾರೆ.

ಅಂದು ನಡೆದದ್ದು ದೆವ್ವಗಿವ್ವದ ಸಂಗತಿಯಲ್ಲ, ಅಪ್ಪಟ ರಾಜಕಾರಣ. ಮೊದಲನೆಯ ಬಾಜೀರಾವ್ 1730ರಲ್ಲಿ ಅಡಿಗಲ್ಲಿಟ್ಟು 1732ರಲ್ಲಿ ಗೃಹಪ್ರವೇಶ ಮಾಡಿದ ಈ ವಾಡೆ ಮರಾಠಾ ಸಾಮ್ರಾಜ್ಯದ ಗದ್ದುಗೆಯಾಗಿತ್ತು. 1761ರ ಪಾಣಿಪತ್ ಕದನದ ಪೆಟ್ಟಿನಿಂದ ಅದನ್ನು ಮೇಲೆತ್ತಿದ ಮಾಧವರಾವ್ 1772ರ ನವೆಂಬರಿನಲ್ಲಿ ಥೇವೂರಿನಲ್ಲಿ ಕ್ಷಯದಿಂದ ತೀರಿಕೊಂಡ. ಹದಿನೇಳು ವರ್ಷದ ತಮ್ಮ ನಾರಾಯಣರಾವ್ ಪೇಶ್ವೆಯಾದ. ಪಟ್ಟದ ಮೇಲೆ ಕಣ್ಣಿಟ್ಟಿದ್ದ ಚಿಕ್ಕಪ್ಪ ರಘುನಾಥರಾವ್ ಅದೇ ವಾಡೆಯಲ್ಲಿ ಕಾವಲಿನಲ್ಲಿದ್ದ. ಕಾವಲಿಗಿದ್ದ ಗಾರ್ದಿ ಸಿಪಾಯಿಗಳಿಗೆ ಸಂಬಳ ಬಾಕಿಯಿತ್ತು. ಅಧಿಕಾರದ ಆಸೆ, ಸಿಪಾಯಿಗಳ ಹಸಿದ ಹೊಟ್ಟೆ, ಅನುಭವವಿಲ್ಲದ ದೊರೆ, ಇವು ಮೂರೂ ಒಂದೇ ಸೂರಿನಡಿ ಸೇರಿದ್ದವು. ಗಣೇಶೋತ್ಸವದ ಆ ದಿನಗಳಲ್ಲಿ ಸುಮೇರ್ ಸಿಂಗ್ ಗಾರ್ದಿಯ ತಂಡ ವಾಡೆಗೆ ನುಗ್ಗಿದಾಗ ಹುಡುಗ ಓಡಿ ಚಿಕ್ಕಪ್ಪನನ್ನೇ ತಬ್ಬಿಕೊಂಡ. ಅಲ್ಲಿಯೇ ಅವನನ್ನು ಕಡಿದರು. ಅವನನ್ನು ಉಳಿಸಲೆಂದು ಮೈಮೇಲೆ ಬಿದ್ದ ಚಾಪಾಜಿ ಟಿಳೇಕರ್ ಎಂಬ ಆಳನ್ನೂ ಕೊಂದರು. ಆ ಮಧ್ಯಾಹ್ನ ಸತ್ತವರಲ್ಲಿ ದಾಸಿಯರೂ ಇದ್ದರು. ಅವರ ಕೂಗು ಮಾತ್ರ ಯಾವ ಅಮಾವಾಸ್ಯೆಗೂ ಯಾರಿಗೂ ಕೇಳಿಸುವುದಿಲ್ಲ. ದೆವ್ವವಾಗುವುದಕ್ಕೂ ದೊಡ್ಡ ಮನೆತನ ಬೇಕು!

ಕೊಲೆಗಿಂತ ಅದರ ಮುಂದಿನ ಕಥೆ ಇನ್ನೂ ಮುಖ್ಯ. ಪುಣೆಯ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ವಿಚಾರಣೆ ನಡೆಸಿ, ಈಗಾಗಲೇ ಪೇಶ್ವೆಯಾಗಿ ಕುಳಿತಿದ್ದ ರಘುನಾಥರಾಯನ ಮುಖಕ್ಕೇ ಈ ಪಾಪಕ್ಕೆ ಪ್ರಾಣತ್ಯಾಗವೊಂದೇ ಪ್ರಾಯಶ್ಚಿತ್ತ ಎಂದು ಹೇಳಿ, ಹುದ್ದೆ ಬಿಟ್ಟು ಪುಣೆಯಿಂದ ಹೊರಟುಹೋದ. ತೀರ್ಪು ಬಂತು, ಜಾರಿ ಮಾಡುವ ಕೈ ಇರಲಿಲ್ಲ. ನಾನಾ ಫಡ್ನವೀಸ್ ಮೊದಲಾದ ಮುತ್ಸದ್ದಿಗಳು 'ಬಾರಭಾಯಿ' ಕೂಟ ಕಟ್ಟಿಕೊಂಡು, ನಾರಾಯಣರಾಯನ ವಿಧವೆ ಗಂಗಾಬಾಯಿಗೆ 1774ರ ಏಪ್ರಿಲ್‌ನಲ್ಲಿ ಪುರಂದರ ಕೋಟೆಯಲ್ಲಿ ಹುಟ್ಟಿದ ಕೂಸನ್ನೇ ಪೇಶ್ವೆ ಎಂದು ಸಾರಿದರು. ರಘುನಾಥರಾವ್ ಇಂಗ್ಲಿಷರ ಮೊರೆಹೊಕ್ಕ. 1775ರ ಸೂರತ್ ಒಪ್ಪಂದ, ಅದರ ಬೆನ್ನಿಗೆ 1782ರವರೆಗೆ ಎಳೆದಾಡಿದ ಮೊದಲನೆಯ ಇಂಗ್ಲಿಷ್–ಮರಾಠಾ ಯುದ್ಧ, ಎರಡೂ ಈ ಕೊಲೆಯ ಕೂಸುಗಳು. ನಮ್ಮ ನಾಡಿಗೂ ಅದರ ಬಿಸಿ ತಾಗಿತು. ಮಾಧವರಾಯನಿಗೆ ಸೋತು ಬಿಟ್ಟುಕೊಟ್ಟಿದ್ದ ಸೀಮೆಯನ್ನು ಹೈದರಾಲಿ ಈ ಮನೆಜಗಳದ ಸಂದಿಯಲ್ಲಿ ಮರಳಿ ಹಿಡಿದ. ಪುಣೆಯ ಒಂದು ಮನೆಯ ಕೂಗಿಗೆ ತುಂಗಭದ್ರೆಯ ದಡದಲ್ಲಿ ಮಾರ್ದನಿ ಕೇಳಿಸಿತು ಎಂದರೆ ಅತಿಶಯೋಕ್ತಿಯಲ್ಲ. ಟೀವಿಯವರು ಹುಡುಕುವ ಮಾರ್ದನಿ ಇದಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ 'ಕಾಕಾ, ಮಲಾ ವಾಚವಾ' ಎಂಬ ಜನರ ಕಥೆಗೆ ಬೇರೆಯೇ ತೂಕ ಬರುತ್ತದೆ. ಆ ಕೂಗಿನಲ್ಲಿ ಭಯಕ್ಕಿಂತ ಮೊದಲು ಕಿವಿಗೆ ಬೀಳುವುದು 'ಕಾಕಾ' ಎಂಬ ಮಾತು. ಯಾರನ್ನು ಕೇಳಿಕೊಂಡೆ, ಯಾರು ಕಾಪಾಡಲಿಲ್ಲ ಎಂಬುದನ್ನು ಭೂತ ಹೆಸರು ಹಿಡಿದು ಹೇಳುತ್ತಿದೆ. ನ್ಯಾಯಾಲಯದ ತೀರ್ಪು ಜಾರಿಯಾಗದ ಊರಿನಲ್ಲಿ ಜನ ಆ ತೀರ್ಪನ್ನು ಕಥೆಯ ರೂಪದಲ್ಲಿ ಕಾಪಿಟ್ಟುಕೊಂಡರು. ನಮಗೂ ಇದು ಹೊಸದಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಅಂಥದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕತ್ತರಿಸಿದ ಎನ್ನುತ್ತದೆ ತುಳುನಾಡಿನ ಪಾಡ್ದನ. ಆ ಶಿಲ್ಪಿ ಕಲ್ಕುಡ ಭೂತವಾದ, ತಂಗಿ ಕಲ್ಲುರ್ಟಿಯೂ ಭೂತವಾದಳು. ಅಲ್ಲಿ ಕೋಲ ನಡೆಯುವಾಗ ಅನ್ಯಾಯ ಮಾಡಿದವನು ಯಾರೆಂಬುದು ಊರಿಗೆಲ್ಲ ಕೇಳುವಂತೆ ಹಾಡಾಗುತ್ತದೆ. 1610ರಲ್ಲಿ ಶ್ರೀರಂಗಪಟ್ಟಣ ಕೈಬದಲಾದಾಗ ಸೋತ ಕಡೆಯ ರಾಣಿ ಅಲಮೇಲಮ್ಮ ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂದು ಕೊಟ್ಟಳೆನ್ನುವ ಶಾಪವೂ ಸೋತವರು ಗೆದ್ದವರ ಮೇಲೆ ಹೊರಿಸಿದ ದೋಷಾರೋಪ ಪಟ್ಟಿಯೇ. ಆದರೆ 2017ರಲ್ಲಿ ಮೈಸೂರು ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಶಾಪ ವಿಮೋಚನೆಯಾಯಿತೇ ಎಂಬ ಚರ್ಚೆಯೇ ಸುದ್ದಿಯನ್ನು ತುಂಬಿತು. ಸೋತವರ ದೂರು ಏನಾಗಿತ್ತು ಎಂದು ಕೇಳಿದವರು ಕಡಿಮೆ. ಜನಪದದ ಭೂತ ಸಾಕ್ಷಿ ಹೇಳುತ್ತದೆ. ಟೀವಿಯ ಭೂತ ಬರಿದೇ ಬೆಚ್ಚಿಸುತ್ತದೆ.

ಹಾಗೆಂದು ಜನರ ಕಥೆಯೆಲ್ಲ ಚಿನ್ನ ಎಂದೇನೂ ಅಲ್ಲ. ರಘುನಾಥರಾವ್ ಬರೆದ ಪತ್ರದಲ್ಲಿ 'ಧರಾವೆ', ಅಂದರೆ ಹಿಡಿಯಬೇಕು ಎಂದಿದ್ದುದನ್ನು ಅವನ ಹೆಂಡತಿ ಆನಂದೀಬಾಯಿ ಒಂದಕ್ಷರ ತಿದ್ದಿ 'ಮಾರಾವೆ', ಕೊಲ್ಲಬೇಕು ಎಂದು ಮಾಡಿದಳು ಎಂಬುದು ಮಹಾರಾಷ್ಟ್ರದ ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆ. ಗ್ರ್ಯಾಂಟ್ ಡಫ್ 1826ರಲ್ಲಿ ಮರಾಠರ ಇತಿಹಾಸ ಬರೆಯುವಾಗ ಅಕ್ಷರ ತಿದ್ದಿದ ಮಾತನ್ನು ದಾಖಲಿಸಿದರೂ, ತಿದ್ದಿದ ಕೈ ಆನಂದೀಬಾಯಿಯದು ಎಂಬುದನ್ನು ಜನರ ನಂಬಿಕೆಯ ಲೆಕ್ಕದಲ್ಲೇ ಇಟ್ಟ. ಈ ಎಚ್ಚರ ಟೀವಿಗೆ ಇಲ್ಲ. ಗಂಡಸರ ಅಧಿಕಾರದಾಟದ ಭಾರವೆಲ್ಲ ಒಬ್ಬ ಹೆಂಗಸಿನ ಲೇಖನಿಯ ತುದಿಗೆ ಬಂದು ಕೂರುವುದು ಎಷ್ಟು ಅನುಕೂಲದ ಕಥೆ ಎಂದು ಅದು ಒಮ್ಮೆಯೂ ಅನುಮಾನಿಸುವುದಿಲ್ಲ. ಇತಿಹಾಸಕಾರನ ಕೆಲಸ ಆ ಅನುಮಾನದಿಂದಲೇ ಶುರುವಾಗುತ್ತದೆ. ಅದಕ್ಕೆ ಬೇಕಾದ ಮೋಡಿ ಲಿಪಿಯ ಕಾಗದಗಳ ರಾಶಿ ಅದೇ ಊರಿನ ಪೇಶ್ವೆ ದಫ್ತರದಲ್ಲಿದೆ. ಅದರಿಂದ ಆಯ್ದ ಪತ್ರಗಳನ್ನು ಜಿ. ಎಸ್. ಸರ್ದೇಸಾಯಿ 45 ಸಂಪುಟಗಳಲ್ಲಿ ಪ್ರಕಟಿಸಿ ತೊಂಬತ್ತು ವರ್ಷಗಳ ಮೇಲಾಯಿತು. ಆದರೆ ಕ್ಯಾಮೆರಾ ದಫ್ತರದ ಬಾಗಿಲು ತಟ್ಟುವುದಿಲ್ಲ. ಕಾಗದ ಪಿಸುಗುಟ್ಟುವುದಿಲ್ಲವಲ್ಲ!

ಬದಲಿಗೆ ಅದು ಯಂತ್ರಗಳನ್ನು ತರುತ್ತದೆ. ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಮೀಟರು ಕೀಂ ಎಂದರೆ ಆತ್ಮ ಬಂತು ಎನ್ನುತ್ತಾರೆ. ಆ ಮೀಟರು ಹತ್ತಿರದ ವಿದ್ಯುತ್ ತಂತಿಗೂ ಜೇಬಿನ ಮೊಬೈಲಿಗೂ ಕೀಂ ಅನ್ನುತ್ತದೆ, ಮತ್ತು ಶನಿವಾರವಾಡೆ ಇರುವುದು ಕಾಡಿನ ನಡುವೆ ಅಲ್ಲ, ಸದಾ ಗಿಜಿಗುಡುವ ಪುಣೆಯ ಹಳೆ ಪೇಠೆಗಳ ನಡುವೆ. ಅತಿಗೆಂಪು ದೀಪದ ಎದುರು ಹಾರುವ ಧೂಳಿನ ಕಣ, ಸೊಳ್ಳೆ ಎಲ್ಲವೂ ಬೆಳಕಿನ ಉಂಡೆಯಾಗಿ ಕಾಣುತ್ತವೆ. ಅದೇ 'ಆತ್ಮ' ಆಗುತ್ತದೆ. ಇಷ್ಟಾದ ಮೇಲೆ ತೆರೆಯ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ: 'ಇಂದಿಗೂ ಕೇಳುತ್ತದೆಯೇ ಆ ಕೂಗು?' ಆ ಚಿಹ್ನೆ ವಾಹಿನಿಯ ಕವಚ. ನಾವು ಹೇಳಲಿಲ್ಲ, ಬರೀ ಕೇಳಿದೆವು ಎಂದು ನಾಳೆ ನುಣುಚಿಕೊಳ್ಳಬಹುದು. ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಾವಳಿಯ 6ನೇ ನಿಯಮ ಮೂಢನಂಬಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮ ಬಿತ್ತರಿಸಬಾರದು ಎನ್ನುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ನಿಂತವರಿಗೆ ಆ ನಿಯಮ ಕಾಣುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಜನ ನಕ್ಕು, ಬೆಚ್ಚಿ, ಮರೆಯುವ ಮನರಂಜನೆಯನ್ನು ಇಷ್ಟು ತಲೆಗೆ ಹಚ್ಚಿಕೊಳ್ಳಬೇಕೆ ಎಂಬುದು ಮೊದಲನೆಯದು. ಮನರಂಜನೆ ಎಂದೇ ಹೇಳಿಕೊಂಡು ಬಂದರೆ ತಕರಾರಿಲ್ಲ. ಖಾಡಿಲ್ಕರರು 1909ರಲ್ಲಿ ಇದೇ ಕೊಲೆಯ ಮೇಲೆ 'ಭಾವುಬಂದಕಿ' ನಾಟಕ ಬರೆದರು, ಪ್ರಭಾತ್ ಕಂಪನಿ 1944ರಲ್ಲಿ 'ರಾಮಶಾಸ್ತ್ರಿ' ಚಿತ್ರ ತೆಗೆಯಿತು. ಅಲ್ಲೂ ಕಲ್ಪನೆ ಇತ್ತು, ಆದರೆ ನೋಡುವವನಿಗೆ ತಾನು ನಾಟಕದ ಮುಂದೆ ಕೂತಿದ್ದೇನೆ ಎಂದು ಗೊತ್ತಿತ್ತು. ಮೇಲಾಗಿ ಗದ್ದುಗೆಯ ಮೇಲೆ ಕೂತವನನ್ನು ನ್ಯಾಯ ಪ್ರಶ್ನಿಸಬಹುದೇ ಎಂಬುದು ಆ ಕೃತಿಗಳ ಎದೆಯಲ್ಲಿದ್ದ ಪ್ರಶ್ನೆ. ಸುದ್ದಿವಾಹಿನಿಯ ಭೂತ ಸುದ್ದಿಯ ಅಂಗಿ ತೊಟ್ಟು, ವರದಿಗಾರನ ಮೈಕು ಹಿಡಿದು ಬರುತ್ತದೆ. ನಾಟಕಕ್ಕೆ ಕೊಡುವ ರಿಯಾಯಿತಿ ಅದಕ್ಕೆ ಸಲ್ಲದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಭೂತದ ನೆವದಿಂದಲಾದರೂ ಹೊಸ ತಲೆಮಾರಿಗೆ ನಾರಾಯಣರಾಯನ ಹೆಸರು ಗೊತ್ತಾಯಿತಲ್ಲ, ದೆವ್ವ ನೋಡಲು ಬಂದವನು ಇತಿಹಾಸ ಓದಲಿಕ್ಕಿಲ್ಲವೇ ಎನ್ನುತ್ತಾರೆ. ಬಾಗಿಲು ಯಾವುದಾದರೇನು, ಒಳಗೆ ಬಂದರೆ ಸಾಕು ಎಂಬ ವಾದ ಒಪ್ಪುವಂಥದ್ದೇ. ಆದರೆ ಈ ಬಾಗಿಲು ಒಳಕ್ಕೆ ತೆರೆಯುವುದಿಲ್ಲ. ಕೊಲೆಗೆ ಮೊದಲು ಗಾರ್ದಿಗಳ ಸಂಬಳ ಯಾಕೆ ನಿಂತಿತ್ತು, ರಾಮಶಾಸ್ತ್ರಿ ಏನು ಹೇಳಿದ, ಸೂರತ್ತಿನಲ್ಲಿ ಏನು ಒಪ್ಪಂದವಾಯಿತು ಎಂಬ ಒಂದು ಮಾತನ್ನೂ ಹೇಳದೆ ಕಾರ್ಯಕ್ರಮ ಮುಗಿಯುತ್ತದೆ. ಹೇಳಿದರೆ ಕತ್ತಲೆ ಕರಗುತ್ತದೆ, ಕತ್ತಲೆ ಕರಗಿದರೆ ಸರಕು ಮುಗಿಯುತ್ತದೆ. ಕಥೆಗೆ ಉತ್ತರ ಸಿಗದಂತೆ ನೋಡಿಕೊಳ್ಳುವುದೇ ಈ ವ್ಯಾಪಾರದ ಬಂಡವಾಳವಾಗಿರುವಾಗ, ಅದರಿಂದ ಕುತೂಹಲ ಬೆಳೆಯುತ್ತದೆ ಎಂದು ನಂಬುವುದು ಕಷ್ಟ.

ಇದು ಹಳೆಯ ಕೊಲೆಯೊಂದರ ವಿಚಾರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಶನಿವಾರವಾಡೆಯಿಂದ ಒಂದು ಕಿಲೋಮೀಟರ್ ದೂರವೂ ಇಲ್ಲದ ಓಂಕಾರೇಶ್ವರ ದೇವಸ್ಥಾನದ ಬಳಿಯ ಸೇತುವೆಯ ಮೇಲೆ 2013ರ ಆಗಸ್ಟ್ 20ರ ಬೆಳಿಗ್ಗೆ, ವಾಯುವಿಹಾರಕ್ಕೆ ಬಂದಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ಮೂಢನಂಬಿಕೆಯ ವಿರುದ್ಧ ಕಾನೂನು ಬೇಕೆಂದು ವರ್ಷಗಟ್ಟಲೆ ಹೋರಾಡಿದವರು ಅವರು. ಆ ಕಾನೂನು ಬಂದದ್ದು ಅವರು ಸತ್ತ ಮೇಲೆ. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಬಿಡುಗಡೆ ಮಾಡಿತು. ಗುಂಡು ಹೊಡೆದವರು ಯಾರೆಂದು ತೀರ್ಪು ಹೇಳಿತು, ಹೊಡೆಸಿದವರು ಯಾರೆಂಬ ಪ್ರಶ್ನೆ ಉಳಿಯಿತು. 1773ರಲ್ಲೂ ಊರು ಕೇಳಿದ್ದು ಇದೇ ಪ್ರಶ್ನೆ: ಕತ್ತಿ ಗಾರ್ದಿಯದು, ಮಾತು ಯಾರದು? ನಮ್ಮ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಬಾಗಿಲಲ್ಲಿ ಕೊಂದದ್ದು 2015ರ ಆಗಸ್ಟ್ 30ರಂದು, ನಾರಾಯಣರಾವ್ ಸತ್ತ ತಾರೀಖಿನಂದೇ. ಇದು ಕಾಕತಾಳೀಯ, ಅದರಾಚೆ ಏನೂ ಇಲ್ಲ. ಆದರೆ ಭೂತದ ಕಾರ್ಯಕ್ರಮದ ತರ್ಕಕ್ಕೆ ಇದು ಸಿಕ್ಕರೆ 'ಆಗಸ್ಟ್ 30ರ ಶಾಪ' ಎಂಬ ಅರ್ಧ ಗಂಟೆ ತಯಾರಾಗಲು ತಡವಾಗದು. ಆಗ ಕೊಂದವರ ಹೆಸರು ಮತ್ತೊಮ್ಮೆ ತೆರೆಯಿಂದ ಜಾರಿಹೋಗುತ್ತದೆ. ಕೊಲೆಯನ್ನು ವಿಧಿ ಎಂದು ನೋಡುವ ಅಭ್ಯಾಸ ಹಳೆಯ ಕೊಲೆಗಳಿಂದ ಶುರುವಾಗಿ ಹೊಸ ಕೊಲೆಗಳವರೆಗೂ ನಡೆದುಬರುತ್ತದೆ.

ಶನಿವಾರವಾಡೆಯ ಚಿತ್ರೀಕರಣ ನಿಲ್ಲಿಸಿ ಎಂದು ಯಾರೂ ಕೇಳಬೇಕಿಲ್ಲ. ಹಗಲು ಹೊತ್ತು ಹೋಗಿ, ಮಧ್ಯಾಹ್ನ ಒಂದು ಗಂಟೆಗೆ, ಕೊಲೆಯ ಹೊತ್ತಿಗೇ ಕ್ಯಾಮೆರಾ ನಿಲ್ಲಿಸಿ ಎಂದರೆ ಸಾಕು. ಐದು ಬಾಗಿಲುಗಳಲ್ಲಿ ದಿಲ್ಲಿ ದರವಾಜೆಯನ್ನು ಬಿಟ್ಟು, ಆ ಹುಡುಗನ ಹೆಣವನ್ನು ಹೊರಗೆ ಒಯ್ದ ಚಿಕ್ಕ ಬಾಗಿಲನ್ನು ತೋರಿಸಲಿ. ಇಂದಿಗೂ ಅದಕ್ಕೆ ನಾರಾಯಣ ದರವಾಜೆ ಎಂದೇ ಹೆಸರು. ಅಲ್ಲಿ ನಿಂತು ನಿರೂಪಕ ಪಿಸುದನಿ ಬಿಟ್ಟು ಮಾಮೂಲು ದನಿಯಲ್ಲಿ ಒಂದು ಸಂಗತಿ ಹೇಳಿದರೆ ಬೇರೆ ಯಾವ ಭಯವೂ ಬೇಕಾಗುವುದಿಲ್ಲ: ಆ ಮಧ್ಯಾಹ್ನ ಚಿಕ್ಕಪ್ಪನನ್ನು ತಬ್ಬಿಕೊಂಡಾಗ ನಾರಾಯಣರಾಯನಿಗೆ ಹದಿನೆಂಟು ತುಂಬಿ ಇಪ್ಪತ್ತು ದಿನವಾಗಿತ್ತು.