ನಿಜ ಹೇಳಿದವನ ಕೈಗೆ ಸ್ಟೇರಿಂಗ್

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಬಾಡಿಗೆ ಖೋಲಿಯೊಂದರಲ್ಲಿರುವ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿ. ಅಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಗ ಹುಟ್ಟಿದ್ದು, ಬೆಳೆದದ್ದು, ದಾರಿ ತಪ್ಪಿದ್ದು, ತಿದ್ದಿಕೊಂಡದ್ದು ಎಲ್ಲ ಇಲ್ಲೇ. ಇಪ್ಪತ್ತರ ವಯಸ್ಸಿನಲ್ಲಿ ಓಣಿಯ ಹೊಡೆದಾಟವೊಂದರಲ್ಲಿ ಸಿಕ್ಕಿಬಿದ್ದು ಕಲ್ಯಾಣದ ಆಧಾರವಾಡಿ ಜೈಲಿನಲ್ಲಿ ಐದು ತಿಂಗಳು ಕಳೆದ. ಈಗ ಅವನಿಗೆ ಮೂವತ್ತೆರಡು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಮೈಯಲ್ಲಿ ಹೋದ ವರ್ಷ ಪತ್ತೆಯಾದ ಸಕ್ಕರೆ ಕಾಯಿಲೆ. ಲಾರಿ ಡ್ರೈವರ್ ಆಗಬೇಕೆಂದು ಹೊರಟಿದ್ದಾನೆ. "ಇದ್ದದ್ದು ಇದ್ದಂಗ ಹೇಳಪ್ಪಾ" ಎನ್ನುತ್ತಾಳೆ ತಾಯಿ. "ಬಾಯಿ ಬಿಟ್ರ ಕೆಲಸ ಹೋತು ಅಂತ ತಿಳ್ಕೋ ತಮ್ಮಾ" ಎನ್ನುತ್ತಾನೆ ಹತ್ತು ವರ್ಷ ಗಾಡಿ ಓಡಿಸಿದ ಪಕ್ಕದ ಮನೆಯವನು.

ಇಬ್ಬರ ಮಾತಿನಲ್ಲೂ ಸತ್ಯವಿದೆ, ನನ್ನ ಚಿಂತೆಗೆ ಕಾರಣವೂ ಅದೇ. ಇಂಥವನ ಕೈಗೆ ತುಂಬಿದ ಲಾರಿ ಕೊಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅವನು ನಿಜ ಹೇಳಿದರೆ ನಾವು ಅವನನ್ನು ಏನು ಮಾಡುತ್ತೇವೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ರಸ್ತೆಯ ಸುರಕ್ಷತೆ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಉತ್ತರದ ಮೇಲೆ ಎಂಬುದು ನನ್ನ ವಾದ.

ಅವನು ಲಾರಿಯ ಕಡೆಗೇ ಯಾಕೆ ಹೋಗುತ್ತಾನೆ ಎಂಬುದು ಈ ಸೀಮೆಯನ್ನು ಬಲ್ಲವರಿಗೆ ಹೇಳಬೇಕಿಲ್ಲ. ನ್ಹಾವಾ ಶೇವಾ ಬಂದರಿನ ಕಂಟೇನರುಗಳು, ಕಳಂಬೋಲಿಯ ಉಕ್ಕಿನ ಮಾರುಕಟ್ಟೆ, ವಾಶಿಯ ಎಪಿಎಂಸಿಯ ಈರುಳ್ಳಿ ಬಟಾಟೆ, ತಲೋಜಾ ಮತ್ತು ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶಗಳ ರಾಸಾಯನಿಕ, ಭಿವಂಡಿಯ ಗೋದಾಮುಗಳು: ಇವನ್ನೆಲ್ಲ ಒಂದಕ್ಕೊಂದು ಹೊಲಿಯುವ ದಾರ ಲಾರಿ. ಶಿಳ್‌ಫಾಟಾದಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತು ನೋಡಿದರೆ ಎಂಎಚ್ 04, 05, 43, 46 ನಂಬರಿನ ಗಾಡಿಗಳು ಸಾಲುಗಟ್ಟಿರುತ್ತವೆ. ಇನ್ನೊಂದು ಕಾರಣವೂ ಇದೆ. ಆಟೋ, ಟ್ಯಾಕ್ಸಿ ಓಡಿಸಲು ಬ್ಯಾಡ್ಜ್ ಬೇಕು, ಬ್ಯಾಡ್ಜಿಗೆ ಪೊಲೀಸರ ನಡತೆ ಪರಿಶೀಲನೆ ಬೇಕು. ಸರಕು ಸಾಗಿಸುವ ಗಾಡಿಯ ಲೈಸೆನ್ಸಿಗೆ ಕಾನೂನು ಅದನ್ನು ಕೇಳುವುದಿಲ್ಲ. ಹೀಗೆ ಬೇರೆ ಬಾಗಿಲುಗಳು ಮುಚ್ಚಿದವನಿಗೆ ತೆರೆದು ಕಾಣುವುದು ಲಾರಿಯ ಬಾಗಿಲು.

1988ರ ಮೋಟಾರು ವಾಹನ ಕಾಯ್ದೆಯನ್ನು ಬಿಡಿಸಿ ನೋಡಿದರೆ ಅದು ನಮ್ಮ ಸಮಾಜಕ್ಕಿಂತ ಉದಾರವಾಗಿದೆ. ಸಾರಿಗೆ ವಾಹನಕ್ಕೆ ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಒಂದು ವರ್ಷವಾದರೂ ಕೈಯಲ್ಲಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಹಿಂದೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವಿತ್ತು, ಅದನ್ನು 2019ರಲ್ಲಿ ತೆಗೆದುಹಾಕಿದರು. ಇನ್ನು ಹಳೆಯ ಅಪರಾಧದ ಮಾತು. 9 ಮತ್ತು 19ನೇ ಕಲಮುಗಳು ಲೈಸೆನ್ಸ್ ನಿರಾಕರಿಸಲು ಅಥವಾ ರದ್ದು ಮಾಡಲು ಅಧಿಕಾರಿಗೆ ಹಕ್ಕು ಕೊಡುತ್ತವೆ. ಯಾರ ಮೇಲೆ? ರೂಢಿಗತ ಅಪರಾಧಿಯ ಮೇಲೆ, ರೂಢಿಗತ ಕುಡುಕನ ಮೇಲೆ, ಮಾದಕ ವಸ್ತುವಿನ ಚಟಕ್ಕೆ ಬಿದ್ದವನ ಮೇಲೆ, ಹಿಂದೆ ಅಪಾಯಕಾರಿಯಾಗಿ ಗಾಡಿ ಓಡಿಸಿದವನ ಮೇಲೆ. ಅದೂ ಅವನ ಮಾತು ಕೇಳಿ, ಕಾರಣವನ್ನು ಬರೆದಿಟ್ಟು. ಮೂವತ್ತು ದಿನಗಳೊಳಗೆ ಮೇಲ್ಮನವಿಗೂ ಅವಕಾಶವಿದೆ. ಒಮ್ಮೆ ಎಡವಿದವನನ್ನು ಆ ಪಟ್ಟಿಯಲ್ಲಿ ಸೇರಿಸಿಲ್ಲ. 'ರೂಢಿಗತ' ಎಂಬ ಒಂದೇ ಪದದಲ್ಲಿ ಕಾನೂನು ಮನುಷ್ಯನಿಗೂ ಅವನ ತಪ್ಪಿಗೂ ನಡುವೆ ಗೆರೆ ಎಳೆದಿದೆ.

ಆ ಗೆರೆ ಅಳಿಸಿಹೋಗುವುದು ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಜಿನ ಮುಂದೆ. ಅಲ್ಲಿ ಕೇಳುವುದು ಒಂದೇ: "ಕೇಸ್ ಇದೆಯಾ?" ಶಿಕ್ಷೆಯಾಗಿತ್ತೋ, ಖುಲಾಸೆಯಾಯಿತೋ, ಕೇಸೇ ಸುಳ್ಳಾಗಿತ್ತೋ ಎಂದು ಮುಂದೆ ಕೇಳುವವರು ಕಡಿಮೆ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆಂದು ಇನ್ನೂ ಯಾವ ನ್ಯಾಯಾಲಯವೂ ಹೇಳಿಲ್ಲ. ಥಾಣೆಯ ಕೇಂದ್ರ ಕಾರಾಗೃಹ, ಆಧಾರವಾಡಿ, ತಲೋಜಾ: ನಮ್ಮ ಈ ಚಿಕ್ಕ ಭೂಭಾಗದಲ್ಲೇ ಮೂರು ಜೈಲುಗಳಿವೆ. ಅವುಗಳಿಂದ ಹೊರಬಂದವರು ಇದೇ ಲೋಕಲ್ ರೈಲುಗಳಲ್ಲಿ ನಮ್ಮ ಪಕ್ಕದಲ್ಲಿ ಕೂತು ಮನೆಗೆ ಹೋಗುತ್ತಾರೆ. ಅವರು ಏನಾದರೂ ದುಡಿಯಲೇಬೇಕಲ್ಲ.

ಸುಪ್ರೀಂ ಕೋರ್ಟಿನ 2011ರ ಒಂದು ತೀರ್ಪು ಇಲ್ಲಿ ನೆನಪಾಗುತ್ತದೆ. ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ ಯುವಕನೊಬ್ಬ, ಎಳೆ ವಯಸ್ಸಿನ ಹೊಡೆದಾಟದ ಪ್ರಕರಣವನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಆ ಪ್ರಕರಣ ರಾಜಿಯಾಗಿ ಖುಲಾಸೆಯೂ ಆಗಿತ್ತು. ಬರೆದರೆ ತಾನಾಗಿಯೇ ಅನರ್ಹನಾಗುತ್ತೇನೆಂಬ ಹೆದರಿಕೆಯಿಂದ ಮುಚ್ಚಿಟ್ಟಿರಬಹುದು ಎಂದು ನ್ಯಾಯಾಲಯ ಅವನ ಸಂಕಟವನ್ನು ಅರ್ಥಮಾಡಿಕೊಂಡಿತು. ಬ್ರೆಡ್ ಕದ್ದು ಬದುಕೆಲ್ಲ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಕಥಾನಾಯಕನನ್ನು ನೆನೆದು, ಹರೆಯದ ಸಣ್ಣ ತಪ್ಪುಗಳನ್ನು ಮನ್ನಿಸಬೇಕೆಂದಿತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ವಿವರವಾಗಿ ನೋಡಿತು: ಅಭ್ಯರ್ಥಿ ನಿಜವನ್ನೇ ಹೇಳಬೇಕು, ಕೆಲಸ ಕೊಡುವವರು ಆ ಅಪರಾಧದ ಸ್ವರೂಪವನ್ನು ತೂಗಿ ನೋಡಬೇಕು. ಎರಡೂ ಕಡೆಗೆ ಹೊಣೆ ಇದೆ. ನಾವು ಮೊದಲ ಅರ್ಧವನ್ನು ಮಾತ್ರ ಬಡವರ ಮೇಲೆ ಹೇರಿ, ಎರಡನೆಯ ಅರ್ಧವನ್ನು ಮರೆತಿದ್ದೇವೆ.

ಮಾಲೀಕರ ಭಯವನ್ನು ನಾನು ಹಗುರ ಮಾಡುತ್ತಿಲ್ಲ. ಒಂದು ಗಾಡಿ ಎಂದರೆ ಸಾಲ, ಕಂತು, ವಿಮೆ, ಒಳಗೆ ಪರರ ಲಕ್ಷಾಂತರ ರೂಪಾಯಿಯ ಮಾಲು. ಮಾಲು ಕದ್ದ, ಡೀಸೆಲ್ ಕದ್ದ ದಾಖಲೆಯಿದ್ದವನನ್ನು ದೂರದ ಟ್ರಿಪ್ಪಿಗೆ ಒಬ್ಬನನ್ನೇ ಕಳಿಸಿ ಎಂದು ಯಾರೂ ಹೇಳಲಾರರು. ಆದರೆ ನಂಬಿಕೆಗೂ ಮೆಟ್ಟಿಲುಗಳಿವೆ. ನಮ್ಮ ಲಾರಿ ಲೋಕ ಅವನ್ನು ಎಂದೋ ಕಟ್ಟಿಕೊಂಡಿದೆ: ಮೊದಲು ಕ್ಲೀನರ್, ಆಮೇಲೆ ಉಸ್ತಾದನ ಪಕ್ಕದ ಸೀಟು, ಆಮೇಲೆ ವಾಶಿಯಿಂದ ತಲೋಜಾದಂಥ ಹತ್ತಿರದ ಓಡಾಟ, ಕೊನೆಗೆ ಸೊಲ್ಲಾಪುರ, ವಿಜಯಪುರದ ದಾರಿ. ಈಗ ಚಿಕ್ಕ ಗಾಡಿಯಿಂದ ಶುರುಮಾಡುವುದು ಇನ್ನೂ ಸುಲಭ. ಲಘು ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋ ಮೀರದ ಸರಕು ವಾಹನವನ್ನು ಬೇರೆ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಟೆಂಪೋ ಓಡಿಸಿ ಎರಡು ವರ್ಷ ಹೆಸರು ಉಳಿಸಿಕೊಂಡವನ ಆ ಎರಡು ವರ್ಷಗಳಿಗೆ, ಹನ್ನೆರಡು ವರ್ಷ ಹಿಂದಿನ ಐದು ತಿಂಗಳುಗಳಿಗಿಂತ ಹೆಚ್ಚು ತೂಕ ಇರಬೇಕು.

ಒಂದು ಕಡೆ ಮಾತ್ರ ನಾನು ಕಠಿಣ. ಕುಡಿದು ಗಾಡಿ ಓಡಿಸಿದ ದಾಖಲೆ, ಗುದ್ದಿ ಓಡಿಹೋದ ದಾಖಲೆ ಇವು ಓಣಿಯ ಜಗಳದಂಥವಲ್ಲ. ಇವು ಅದೇ ಕೆಲಸದಲ್ಲಿ ಮಾಡಿದ ದ್ರೋಹಗಳು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಎಂಬ ಮಿತಿಯನ್ನು ಪದೇ ಪದೇ ಮೀರಿದವನು ಚಟ ಬಿಟ್ಟು, ಬಿಟ್ಟದ್ದನ್ನು ಕಾಲಕ್ರಮದಲ್ಲಿ ತೋರಿಸಿ, ಆಮೇಲೆ ಬರಲಿ. ಅಲ್ಲಿಯವರೆಗೆ ಅವನಿಗೆ ಬೇರೆ ದುಡಿಮೆ ಹುಡುಕಿಕೊಡುವುದು ಸಮಾಜದ ಕೆಲಸ, ಸ್ಟೇರಿಂಗ್ ಕೊಡುವುದಲ್ಲ. ಹಳೆಯದೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ 'ಕೇಸ್ ಇದ್ದವನು' ಎಂದು ಕರೆಯುವುದರಿಂದ ನಷ್ಟವಾಗುವುದೇ ಇಲ್ಲಿ: ನಿಜವಾಗಿ ತಡೆಯಬೇಕಾದವನು ಆ ಗುಂಪಿನಲ್ಲಿ ಮರೆಯಾಗುತ್ತಾನೆ.

ಇನ್ನು ದೇಹದ ಮಾತು. ಸಾರಿಗೆ ವಾಹನದ ಲೈಸೆನ್ಸಿಗೆ ವೈದ್ಯರು ತುಂಬಿಕೊಡುವ ಫಾರಂ 1ಎ ಏನನ್ನು ಕೇಳುತ್ತದೆ? ಕಣ್ಣಿನ ದೋಷ, ಬಣ್ಣಗುರುಡು, ಇರುಳುಗಣ್ಣು, ಕಿವಿ, ಕೈಕಾಲಿನ ಊನ. ಒಳ್ಳೆಯ ಬೆಳಕಿನ ಹಗಲಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂದೂ ಕೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಆ 25 ಮೀಟರನ್ನು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ನಮ್ಮ ಊರುಗಳಲ್ಲಿ ಹಗಲಿನ ದಟ್ಟಣೆಯ ಗಂಟೆಗಳಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲದ ರಸ್ತೆಗಳು ಎಷ್ಟೋ. ಹೀಗಾಗಿ ಪರೀಕ್ಷೆ ಹಗಲಿನದಾದರೂ ಲಾರಿಯವನ ಕೆಲಸ ಹೆಚ್ಚಾಗಿ ರಾತ್ರಿಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಗೊರಕೆಯ ನಡುವೆ ಉಸಿರು ಕಟ್ಟಿ ಹಗಲೆಲ್ಲ ತೂಕಡಿಸುವ ರೋಗ ಇವನ್ನು ಆ ಫಾರಂ ಹೆಸರು ಹಿಡಿದು ಕೇಳುವುದೇ ಇಲ್ಲ. 2019ರ ತಿದ್ದುಪಡಿ ಸಾರಿಗೆ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಅಲೆದಾಟ ಕಡಿಮೆಯಾಯಿತೆಂದು ಚಾಲಕರಿಗೆ ಸಮಾಧಾನವಾಯಿತು, ಆದರೆ ಕಡ್ಡಾಯ ತಪಾಸಣೆಯೂ ಎರಡು ವರ್ಷ ದೂರ ಹೋಯಿತು.

ಫೋರ್‌ಸೈಟ್ ಫೌಂಡೇಶನ್ ಮತ್ತು ದೆಹಲಿಯ ಐಐಟಿ 2025ರ ಜನವರಿಯಲ್ಲಿ ಲಾರಿ ಚಾಲಕರ ಆರೋಗ್ಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದವು. ಪರೀಕ್ಷೆಗೆ ಒಳಗಾದವರಲ್ಲಿ ಶೇ. 55ರಷ್ಟು ಮಂದಿಯ ದೃಷ್ಟಿ ಕುಂದಿತ್ತು, ಶೇ. 57ರಷ್ಟು ಮಂದಿಯ ರಕ್ತದೊತ್ತಡ ಹೆಚ್ಚಿತ್ತು. ಇವರು ಹೊಸದಾಗಿ ಅರ್ಜಿ ಹಿಡಿದು ಬಂದವರಲ್ಲ, ಈಗಾಗಲೇ ನಮ್ಮ ಅಕ್ಕಿ, ಸಿಮೆಂಟು, ಗ್ಯಾಸ್ ಹೊತ್ತು ತಿರುಗುತ್ತಿರುವವರು. ಹಾಗಾದರೆ ಸಕ್ಕರೆ ಇದೆಯೆಂದು ತಾನಾಗಿ ಹೇಳಿದ ನಮ್ಮ ಡೊಂಬಿವಲಿಯ ಹುಡುಗ ಇವರಿಗಿಂತ ಹೆಚ್ಚು ಅಪಾಯಕಾರಿಯೇ? ಅವನಿಗೆ ತನ್ನ ರೋಗ ಗೊತ್ತಿದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಸಕ್ಕರೆ ಇಳಿದು, ಬೆವರಿ, ಕೈ ನಡುಗಿ, ಬುದ್ಧಿ ಮಂಕಾಗುತ್ತದೆ. ಗಾಡಿ ಹತ್ತುವ ಮುನ್ನ ಬೆರಳು ಚುಚ್ಚಿ ನೋಡಿಕೊಳ್ಳುವುದು, ಡ್ಯಾಶ್‌ಬೋರ್ಡಿನ ಮೇಲೆ ಗ್ಲೂಕೋಸ್ ಬಿಸ್ಕತ್ತು ಇಟ್ಟುಕೊಳ್ಳುವುದು, ಲಕ್ಷಣ ಕಂಡೊಡನೆ ಬದಿಗೆ ನಿಲ್ಲಿಸುವುದು ಇವು ಕಲಿಸಿದರೆ ಕಲಿಯುವ ವಿದ್ಯೆ. ರೋಗವನ್ನು ಮುಚ್ಚಿಟ್ಟವನು ಕ್ಲೀನರನ ಎದುರು ಬೆರಳು ಚುಚ್ಚಿಕೊಳ್ಳಲಾರ, ಸೇಠನ ಎದುರು ಊಟದ ಹೊತ್ತು ಕೇಳಲಾರ.

ಅಮೆರಿಕದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಲಾರಿ ಚಾಲಕರಿಗೆ ಬಹುಕಾಲ ವಿಶೇಷ ವಿನಾಯಿತಿ ಇಲ್ಲದೆ ಪ್ರವೇಶವಿರಲಿಲ್ಲ. 2018ರಲ್ಲಿ ಆ ನಿಯಮ ಬದಲಿಸಿ, ಚಿಕಿತ್ಸೆ ಕೊಡುವ ವೈದ್ಯರ ಮೌಲ್ಯಮಾಪನದ ಮೇಲೆ ಅನುಮತಿ ಕೊಡತೊಡಗಿದರು. ನಮ್ಮಲ್ಲೂ 2020ರ ಜೂನ್‌ನಲ್ಲಿ ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡಿನವರಿಗೆ ಲೈಸೆನ್ಸಿನ ದಾರಿ ತೆರೆಯಿತು. ಮೂರ್ಛೆರೋಗದ ವಿಷಯ ಬೇರೆ. ಬ್ರಿಟನ್ ಕೂಡ ಲಾರಿಯವರಿಗೆ ಔಷಧವಿಲ್ಲದೆ ಹತ್ತು ವರ್ಷ ಒಂದೂ ಸೆಳವು ಬಾರದಿರಬೇಕೆಂಬ ಷರತ್ತು ಹಾಕಿದೆ. ಅಷ್ಟು ಬಿಗಿ ಬೇಕೇಬೇಕು, ಏಕೆಂದರೆ ಆ ರೋಗದಲ್ಲಿ ಮುನ್ಸೂಚನೆ ಸಿಗದೇ ಹೋಗಬಹುದು. ರೋಗದ ಹೆಸರಿಗಿಂತ ಅದು ಹತೋಟಿಯಲ್ಲಿದೆಯೇ, ಮುನ್ಸೂಚನೆ ಕೊಡುತ್ತದೆಯೇ ಎಂಬುದನ್ನು ಅಳೆಯುವುದು ಈ ನಿಯಮಗಳೆಲ್ಲದರ ಹಿಂದಿರುವ ವಿವೇಕ.

ದಾಖಲೆ ಶುಭ್ರವಾಗಿದ್ದು, ಮೈ ಗಟ್ಟಿಯಾಗಿದ್ದರೆ ರಸ್ತೆ ಕ್ಷೇಮ ಎಂಬ ನಂಬಿಕೆಯೂ ಅರ್ಧ ಸತ್ಯ. 2024ರ ಡಿಸೆಂಬರ್ 9ರ ರಾತ್ರಿ ಮುಂಬಯಿಯ ಕುರ್ಲಾದಲ್ಲಿ ಬೆಸ್ಟ್ ಸಂಸ್ಥೆಯ ಬಸ್ಸು ಜನರ ಮೇಲೆ ನುಗ್ಗಿದಾಗ ಎದ್ದ ದೊಡ್ಡ ಪ್ರಶ್ನೆ ತರಬೇತಿಯದು. ನಿದ್ದೆಯದು ಇನ್ನೊಂದು ಕಥೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ದುಡಿಮೆ ಎಂದು ಬರೆದಿತ್ತು. ಬಂದರಿನ ಸಾಲಿನಲ್ಲಿ ಇಡೀ ದಿನ ಕಾದು, ರಾತ್ರಿ ಲೋಡ್ ಸಿಕ್ಕಿ, ಬೆಳಗಿನೊಳಗೆ ಮುಟ್ಟಿಸಬೇಕೆಂಬ ಒತ್ತಡಕ್ಕೆ ಸಿಕ್ಕ ಡ್ರೈವರನಿಗೆ ಆ ಎಂಟು ಗಂಟೆ ಯಾವಾಗ ಶುರುವಾಗಿ ಯಾವಾಗ ಮುಗಿಯಿತೆಂದು ಯಾರು ಲೆಕ್ಕ ಇಟ್ಟಿದ್ದಾರೆ? ಆರೋಗ್ಯವಂತನನ್ನೂ ರೋಗಿಯನ್ನಾಗಿ ಮಾಡುವ ದುಡಿಮೆ ಇದು. ಕಾಯಿಲೆಯವನನ್ನು ಬಾಗಿಲಲ್ಲೇ ತಡೆದು, ಒಳಗಿದ್ದವರಿಗೆ ಕಾಯಿಲೆ ಅಂಟಿಸುತ್ತಿರುವ ಕೆಲಸದ ಪದ್ಧತಿಯನ್ನು ಹಾಗೇ ಬಿಟ್ಟರೆ ರಸ್ತೆಗೆ ಯಾವ ಪ್ರಯೋಜನವೂ ಇಲ್ಲ.

ಕೈ ತೋರಿಸಿ ಅವಲಕ್ಷಣ ಎನ್ನಿಸಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಆ ಹುಡುಗನಿಗೆ ಇಂದು ಆಗುವುದು ಅದೇ. ನಿಜ ಹೇಳಿದರೆ ಹೊರಗೆ, ಸುಳ್ಳು ಹೇಳಿದರೆ ಒಳಗೆ. ಹೀಗೆ ವರ್ಷಗಟ್ಟಲೆ ನಡೆದರೆ ಸ್ಟೇರಿಂಗಿನ ಹಿಂದೆ ಉಳಿಯುವವರು ಯಾರು ಎಂದು ಲೆಕ್ಕ ಹಾಕಿ ನೋಡಿ: ಮುಚ್ಚಿಡಬಲ್ಲವರು. ಹಳೆಯ ಕೇಸನ್ನು ಮುಚ್ಚಿಟ್ಟವನು ಯಾರು ಬೆದರಿಸಿದರೂ ಬಾಗುತ್ತಾನೆ. ಹೆಚ್ಚು ಲೋಡು ಹೇರಿದರೂ, ಇನ್ನೊಂದು ರಾತ್ರಿ ಓಡಿಸೆಂದರೂ ಇಲ್ಲ ಎನ್ನುವ ಧೈರ್ಯ ಅವನಿಗಿರುವುದಿಲ್ಲ.

ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಮುಂಬಯಿ ಸುತ್ತಿನ ಜೈಲುಗಳಲ್ಲಿ ಕೈದಿಗಳ ಜೊತೆ, ಬಿಡುಗಡೆಯಾದವರ ಜೊತೆ ಕೆಲಸ ಮಾಡುತ್ತ ಬಂದಿದೆ. ಸೈಟ್‌ಸೇವರ್ಸ್ ಸಂಸ್ಥೆ ಲಾರಿಯವರ ಕಣ್ಣಿಗಾಗಿಯೇ 'ರಾಹಿ' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಡೊಂಬಿವಲಿ, ಥಾಣೆ, ನವಿಮುಂಬಯಿಯ ನಮ್ಮ ಕನ್ನಡ ಸಂಘಗಳಿಗೆ ಶಾಲೆ ಕಟ್ಟಿದ, ಆರೋಗ್ಯ ಶಿಬಿರ ನಡೆಸಿದ ಅನುಭವವಿದೆ. ಅವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಶಿಬಿರವನ್ನು ಭಾನುವಾರ ಬೆಳಿಗ್ಗೆ ಸಭಾಗೃಹದಲ್ಲಿ ಮಾಡಬೇಡಿ. ರಾತ್ರಿ ಒಂಬತ್ತರ ಮೇಲೆ ಕಳಂಬೋಲಿಯಲ್ಲಿ, ವಾಶಿಯ ಟ್ರಕ್ ಟರ್ಮಿನಲ್ಲಿನಲ್ಲಿ, ಶಿಳ್‌ಫಾಟಾದ ಬದಿಯಲ್ಲಿ ಮಾಡಿ. ಕನ್ನಡಕವನ್ನು ಅಲ್ಲೇ ಕೊಡಿ, ಬಿಪಿ, ಸಕ್ಕರೆ ಅಲ್ಲೇ ನೋಡಿ, ಚೀಟಿಯನ್ನು ಮಾಲೀಕನಿಗೆ ಕೊಡದೆ ಚಾಲಕನ ಕೈಗೇ ಕೊಡಿ. ಪಕ್ಕದಲ್ಲಿ ಒಬ್ಬ ವಕೀಲರನ್ನೂ ಕೂರಿಸಿ. ತನ್ನ ಹಳೆಯ ಕೇಸು ಲೈಸೆನ್ಸಿಗೆ ಅಡ್ಡಿಯೋ ಅಲ್ಲವೋ ಎಂದು ತಿಳಿಯದೆ ಹೆದರಿ ಕೂತವರು ಬಹಳ ಮಂದಿ ಇದ್ದಾರೆ.

ಗಾಡಿಗಳನ್ನು ಇಟ್ಟುಕೊಂಡಿರುವ ನಮ್ಮವರಲ್ಲಿ ಇನ್ನೊಂದು ಮಾತು. ನಾಳೆ ಒಬ್ಬ ಹುಡುಗ ನಿಮ್ಮ ಆಫೀಸಿಗೆ ಬಂದು, "ಅಣ್ಣಾ, ನಾನು ಐದು ತಿಂಗಳು ಒಳಗಿದ್ದೆ, ನನಗೆ ಶುಗರ್ ಇದೆ, ಗಾಡಿ ಚೆನ್ನಾಗಿ ಓಡಿಸ್ತೀನಿ" ಎಂದರೆ, ಅವನನ್ನು ಆ ಕ್ಷಣಕ್ಕೆ ಹೊರಗೆ ಕಳಿಸಬೇಡಿ. ಕೂರಿಸಿ, ಚಹಾ ತರಿಸಿ, ಯಾವ ಕೇಸು, ಯಾವ ಮಾತ್ರೆ ಎಂದು ಕೇಳಿ. ಆಮೇಲೆ ಒಂದು ಸುತ್ತು ಗಾಡಿ ಓಡಿಸಿ ತೋರಿಸಲು ಹೇಳಿ.