ಆಟದ ಅಂಗಳ

ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿರುವುದನ್ನು ಕಾಣಬಹುದು. ದೊಡ್ಡವರ ಆಟಕ್ಕೂ ಕಲ್ಲಿನಲ್ಲಿ ಎಡೆ ದೊರೆತ ನಾಡು ಇದು. ಆದರೂ ಮಕ್ಕಳ ಆಟವೆಂದರೆ ಕಾಲಹರಣವೆಂಬ ಭಾವನೆ ನಮ್ಮನ್ನು ಬಿಟ್ಟಿಲ್ಲ.

ಮಗುವನ್ನು ಅಂಗನವಾಡಿಗೆ ಸೇರಿಸಿದ ಕೆಲವೇ ತಿಂಗಳಲ್ಲಿ ‘ಅಕ್ಷರ ಬಂದಿತೇ?’ ಎಂದು ಕೇಳುವ ತಾಯ್ತಂದೆಯರುಂಟು. ಕಂಪ್ಲಿಯ ಗದ್ದೆಗಳಲ್ಲಿಯೋ ಸಂಡೂರಿನ ಗಣಿಗಳಲ್ಲಿಯೋ ದುಡಿದು ಬಳಲುವವರಿಗೆ ಮಕ್ಕಳು ಬೇಗ ಓದು ಕಲಿಯಲೆಂಬ ಆತುರ ಸಹಜವೇ. ಆದರೆ ಆ ಆತುರವನ್ನು ಒಪ್ಪಲಾಗದು.

ಅಳಗುಳಿಮನೆಯಲ್ಲಿ ಗುಳಿಗೊಂದರಂತೆ ಹುಣಸೆಬೀಜ ಹಾಕುವ ಮಗು ಎಣಿಕೆಯನ್ನು ಬೆರಳಿನಿಂದಲೇ ಕಲಿಯುತ್ತದೆ. (ಬೀಜ ಬಾಯಿಗೆ ಹೋಗದಂತೆ ಕಾರ್ಯಕರ್ತೆಯ ಕಣ್ಣಿರಬೇಕು, ಅದು ಬೇರೆ ಮಾತು.) ಬೀಜವನ್ನು ಎತ್ತಿ ಹಿಡಿಯುವ ಬೆರಳುಗಳಿಗೆ ಮುಂದೆ ಬಳಪ ಹಿಡಿಯುವ ಹದ ತಾನಾಗಿ ಬರುತ್ತದೆ. ಸರದಿಗಾಗಿ ಕಾಯುವುದನ್ನೂ ಸೋತಾಗ ಮುನಿಯದಿರುವುದನ್ನೂ ಯಾವ ಪುಸ್ತಕ ಕಲಿಸೀತು? ಕೆಂಪು ಮಣ್ಣು ಕಲಸಿ ರೊಟ್ಟಿ ತಟ್ಟುವ ಮಕ್ಕಳು ಅದನ್ನು ಹಂಚಿಕೊಳ್ಳುವಾಗ ಆಡುವ ಮಾತುಗಳನ್ನು ಕೇಳಬೇಕು: ದೊಡ್ಡದು, ಚಿಕ್ಕದು, ಅರ್ಧ, ನಿನಗೆ, ನನಗೆ. ಲೆಕ್ಕವೂ ಭಾಷೆಯೂ ಅಲ್ಲಿ ಒಟ್ಟಿಗೇ ಬೆಳೆಯುತ್ತವೆ.

ಜರ್ಮನಿಯಲ್ಲಿ ಫ್ರೋಬೆಲನು 1837ರಲ್ಲಿ ತೆರೆದ ಶಿಶುಶಾಲೆಗೆ ಆಟವೇ ತಳಹದಿಯಾಗಿತ್ತು. ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಪೌಷ್ಟಿಕ ಆಹಾರದಂತೆಯೇ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವೂ ಅದರ ಅಂಗ.

ಆದುದರಿಂದ ಊರಿನವರು ಅಂಗನವಾಡಿಗೆ ಏನನ್ನಾದರೂ ಕೇಳುವುದಾದರೆ ಕಾಪಿಪುಸ್ತಕವನ್ನು ಕೇಳುವುದು ಬೇಡ. ಹೊಸಪೇಟೆಯ ಬಿಸಿಲಿನಲ್ಲಿಯೂ ಮಕ್ಕಳು ಆಡಬಲ್ಲಂಥ ನೆರಳಿನ ಅಂಗಳವನ್ನು ಕೇಳಲಿ.