ತಲೆನೋವೂ ತಿಂಗಳ ಲೆಕ್ಕವೂ

ಜ್ವರವನ್ನು ಅಳೆಯುವುದಕ್ಕೆ ಉಷ್ಣಮಾಪಕವುಂಟು; ತಲೆನೋವನ್ನು ಅಳೆಯುವ ಉಪಕರಣವಿಲ್ಲ. ಆದಕಾರಣವೇ ಅದು ನೆಪಗಳಲ್ಲೆಲ್ಲ ಅಗ್ರಗಣ್ಯವೆನಿಸಿದೆ. ತಿಂಗಳಿಗೊಮ್ಮೆ ಬೆಳಕನ್ನು ಸಹಿಸಲಾರದೆ, ವಾಕರಿಕೆಯಿಂದ ಬಳಲುತ್ತ, ಕತ್ತಲೆಯ ಕೋಣೆಯಲ್ಲಿ ಮಲಗುವ ವಿದ್ಯಾರ್ಥಿನಿಯ ಮಾತನ್ನೂ ಕೆಲವರು ನೆಪವೆಂದೇ ತಿಳಿಯುತ್ತಾರೆ. ನಂಬಿದವರು 'ಹಾರ್ಮೋನಿನ ಏರುಪೇರು' ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಎರಡು ಉತ್ತರಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಅರೆತಲೆನೋವು ಅಪರೂಪದ ಬೇನೆಯಲ್ಲ. 2015ರಲ್ಲಿ ಪ್ರಕಟವಾದ ಕರ್ನಾಟಕದ ಸಮೀಕ್ಷೆಯೊಂದರ ಪ್ರಕಾರ, ವರ್ಷವೊಂದರಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರು ಇದಕ್ಕೆ ತುತ್ತಾಗುತ್ತಾರೆ. ಬಾಲ್ಯದಲ್ಲಿ ಹುಡುಗ ಹುಡುಗಿಯರನ್ನು ಹೆಚ್ಚುಕಡಿಮೆ ಸಮನಾಗಿ ಕಾಡುವ ಈ ನೋವು, ಪ್ರಾಯಕ್ಕೆ ಬಂದ ಮೇಲೆ ಸ್ತ್ರೀಯರಲ್ಲಿ ಪುರುಷರಿಗಿಂತ ಎರಡು ಮೂರು ಪಟ್ಟು ಹೆಚ್ಚುತ್ತದೆ. ಇದಕ್ಕೆ ಕಾರಣವೇನು?

ಅಂಡಾಶಯದಿಂದ ಒಸರುವ ಈಸ್ಟ್ರೋಜನ್ ಎಂಬ ಹಾರ್ಮೋನು ಪ್ರತಿ ತಿಂಗಳೂ ಏರಿ, ಋತುಸ್ರಾವಕ್ಕೆ ಮುನ್ನ ಇಳಿಯುತ್ತದೆ. 1972ರಲ್ಲಿ ಆಸ್ಟ್ರೇಲಿಯದ ವೈದ್ಯ ಸೋಮರ್‌ವಿಲ್ಲರು, ಋತುಕಾಲದಲ್ಲಿ ಅರೆತಲೆನೋವಿಗೆ ಒಳಗಾಗುತ್ತಿದ್ದ ಕೆಲವು ಸ್ತ್ರೀಯರಿಗೆ ಈ ಇಳಿತಕ್ಕೆ ಮುಂಚೆಯೇ ಈಸ್ಟ್ರೋಜನ್ ಚುಚ್ಚುಮದ್ದನ್ನು ಕೊಟ್ಟರು. ಋತುಸ್ರಾವವು ಎಂದಿನಂತೆ ಬಂದಿತು. ತಲೆನೋವು ಮಾತ್ರ ಕೆಲದಿನ ಮುಂದಕ್ಕೆ ಹೋಯಿತು. ನೋವನ್ನು ಕೆರಳಿಸುವುದು ಈಸ್ಟ್ರೋಜನ್ನಿನ ಇಳಿತವೆಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಇಂಥವರ ಹಾರ್ಮೋನುಗಳ ಪ್ರಮಾಣವು ಸಾಮಾನ್ಯವಾಗಿ ಸಹಜ ಮಿತಿಯಲ್ಲಿಯೇ ಇರುತ್ತದೆ. ಇಳಿತವು ಎಲ್ಲರಲ್ಲಿಯೂ ಆಗುವಂಥದೇ. ಆ ಇಳಿತವನ್ನು ಸಹಿಸದ ಮಿದುಳು ಕೆಲವರದು. ಥೈರಾಯಿಡ್ ಗ್ರಂಥಿಯ ರಸ ಕಡಮೆಯಾದಾಗ ಬರುವ ತಲೆನೋವಿನ ಮಾತು ಬೇರೆ. ಅದು ನಿಜವಾದ ಕೊರತೆ, ಅದನ್ನು ತುಂಬಿದರೆ ನೋವೂ ಸಾಮಾನ್ಯವಾಗಿ ಶಮನವಾಗುತ್ತದೆ. ತಿಂಗಳ ತಲೆನೋವಿಗಾದರೋ, 'ಹಾರ್ಮೋನು ಸರಿಪಡಿಸುವ' ಪುಡಿ ಕಷಾಯಗಳ ಜಾಹೀರಾತನ್ನು ನಂಬುವುದು ವ್ಯರ್ಥ. ಹಾರ್ಮೋನು ಮಾತ್ರೆಗಳನ್ನು ತಾವಾಗಿಯೇ ನುಂಗುವುದಂತೂ ಅಪಾಯಕರ. ನೋವಿಗೆ ಮುನ್ನ ಕಣ್ಣೆದುರು ಮಿಂಚಿನ ಗೆರೆಗಳನ್ನು ಕಾಣುವವರಲ್ಲಿ ಈಸ್ಟ್ರೋಜನ್ ಮಾತ್ರೆಯು ಪಾರ್ಶ್ವವಾಯುವಿನ ಸಂಭವವನ್ನು ಹೆಚ್ಚಿಸುತ್ತದೆ.

ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಯೂ ಮಿತಿಮೀರಿದರೆ ಶತ್ರುವಾಗುತ್ತದೆ. ಸಾಮಾನ್ಯ ಗುಳಿಗೆಗಳನ್ನು ತಿಂಗಳಲ್ಲಿ 15 ದಿನ, ಕೆಲವು ಬಗೆಯವನ್ನು 10 ದಿನ, ಹೀಗೆ ಹಲವು ತಿಂಗಳು ಸೇವಿಸಿದರೆ ಆ ಗುಳಿಗೆಯೇ ತಲೆನೋವನ್ನು ನಿತ್ಯದ ಬಾಧೆಯಾಗಿಸಬಲ್ಲದು.

ಹಾಗಾದರೆ ಮಾಡಬೇಕಾದುದೇನು? ಮೂರು ತಿಂಗಳ ಕಾಲ ನೋವು ಬಂದ ದಿನ, ಋತುಸ್ರಾವದ ದಿನ, ನುಂಗಿದ ಗುಳಿಗೆ, ಕೆಟ್ಟ ನಿದ್ರೆ, ತಪ್ಪಿದ ಊಟ ಇವನ್ನು ಬರೆದಿಡಿ. ರಕ್ತಪರೀಕ್ಷೆ ತೋರದ ಸತ್ಯವನ್ನು ಈ ಬರಹ ತೋರುತ್ತದೆ. ನೋವಿನ ದಿನಗಳು ಮೊದಲೇ ತಿಳಿದರೆ ವೈದ್ಯರು ಆ ಕೆಲವೇ ದಿನಗಳಿಗೆ ತಕ್ಕ ಔಷಧವನ್ನು ಸೂಚಿಸಬಲ್ಲರು. ಹಠಾತ್ತನೆ ಸಿಡಿದಂತೆ ಬಂದ ನೋವು, ಜ್ವರ ಅಥವಾ ಕೈಕಾಲಿನ ನಿಶ್ಶಕ್ತಿಯೊಡನೆ ಬಂದ ನೋವಾದರೆ, ಲೆಕ್ಕ ಬರೆಯುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ: ಅಳೆಯಲಾಗದ್ದು ಇಲ್ಲವೇ ಇಲ್ಲವೆಂಬ ನ್ಯಾಯ ವಿಜ್ಞಾನದ್ದಲ್ಲ. ಮೊದಲು ಆ ಹುಡುಗಿಯ ಮಾತನ್ನು ನಂಬಿರಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.